ನಾಗರತ್ನಮ್ಮನ ದೋಣಿಯ ಸಹಾಯಾರ್ಥ

ಹೇಮಾವತಿಗೆ ಅಣೆಕಟ್ಟು ಬರುವ ಎಷ್ಟೋ ವರ್ಷ ಮೊದಲೇ ಶ್ರೀಮತಿ ಶಿವಲೀಲಾ ಮೃತ್ಯುಂಜಯ ಅವರ ಮನೆತನಕ್ಕೆ ಸ್ವಂತ ದೋಣಿ ಇತ್ತು. ಎಸ್ಟೇಟಿನ ಆಸುಪಾಸಿನಲ್ಲಿ ದೋಣಿ ಮುಳುಗುವಷ್ಟು ನೀರಿರಲಿಲ್ಲ, ಅದು ಬೇರೆ ಮಾತು. ಮಾವನವರ ತಂದೆ ಹಾನುಬಾಳಿನ ಬಳಿಯ ತೋಟವನ್ನು ಬಿಳಿಯ ದೊರೆಯಿಂದ ಕೊಂಡಾಗ ದೋಣಿಯೂ ಜೊತೆಗೆ ಬಂದಿತ್ತು; ಬಹುಕಾಲ ಅದು ಸ್ಟೋರಿನಲ್ಲಿ ಮೆಣಸು ತುಂಬಿಡುವುದಕ್ಕೆ ಒದಗಿತು. ಆ ಮನೆತನದವರು ಶಾಲೆಗೆ ಗಂಟೆ ಕೊಟ್ಟಿದ್ದಾರೆ, ಆಸ್ಪತ್ರೆಗೆ ಬೆಂಚು ಕೊಟ್ಟಿದ್ದಾರೆ, ಕೊಟ್ಟದ್ದರ ಮೇಲೆಲ್ಲ ಹೆಸರು ಕೆತ್ತಿಸಿದ್ದಾರೆ. ಹೀಗಾಗಿ ಆಲೂರು ಕಡೆಯ ಹಿನ್ನೀರಿನಲ್ಲಿ ದೋಣಿಗಾರರ ಸಂಘ ಸ್ಥಾಪನೆಯಾದಾಗ ಅಧ್ಯಕ್ಷರು ಯಾರೆಂಬ ಪ್ರಶ್ನೆಯೇ ಏಳಲಿಲ್ಲ.

ಸಂಘದ ಸದಸ್ಯರೆಲ್ಲ ತೋಟದ ಮಾಲೀಕರು, ಭಾನುವಾರ ಮಾತ್ರ ದೋಣಿ ನಡೆಸುವವರು. ಹೊಟ್ಟೆಪಾಡಿಗಾಗಿ ದೋಣಿ ನಡೆಸುವವರನ್ನು ದೋಣಿಗಾರರೆಂದು ಪರಿಗಣಿಸತಕ್ಕದ್ದಲ್ಲ ಎಂಬುದು ನಿಯಮ. ಆದ್ದರಿಂದ ಆ ನೀರಿನಲ್ಲಿ ದಿನಾಲೂ ದೋಣಿ ನಡೆಸುತ್ತಿದ್ದ ನಾಗರತ್ನಮ್ಮ ಸದಸ್ಯಳಾಗಿರಲಿಲ್ಲ. ಆಚೆ ದಡದ ಹಾಲಿನ ಕ್ಯಾನು, ಶಾಲೆಯ ಮಕ್ಕಳು, ಬಸುರಿಯರು ಎಲ್ಲ ಅವಳ ದೋಣಿಯಲ್ಲೇ ಈಚೆಗೆ ಬರಬೇಕು. ಅವಳ ಮನೆಯ ಒಲೆ ಉರಿಯುತ್ತಿದ್ದದ್ದೂ ಅದರಿಂದಲೇ. ಈಗ ದೋಣಿಯ ತಳ ತೂತಾಗಿತ್ತು. ಸದಸ್ಯತ್ವ ಕೊಡಲಾಗದವರಿಗೆ ಸಹಾಯ ಕೊಡಬಹುದು ಎಂದು ಶಿವಲೀಲಾ ತೀರ್ಮಾನಿಸಿದರು.

ಸದಸ್ಯರು ತಮ್ಮ ಹಳೆಯ ಸಾಮಾನುಗಳನ್ನು ದಾನ ಕೊಡುವುದು, ಅವನ್ನು ಹರಾಜು ಹಾಕುವುದು, ಬಂದ ಹಣದಲ್ಲಿ ನಾಗರತ್ನಮ್ಮನ ದೋಣಿ ದುರಸ್ತಿ ಮಾಡಿಸುವುದು: ಇದು ಯೋಜನೆ. ಗಾಳಿ ನಿಲ್ಲದ ರಬ್ಬರ್ ದೋಣಿ, ಮುಚ್ಚಳವಿಲ್ಲದ ಐಸ್ ಬಾಕ್ಸ್, ಜೊತೆಗಾರನನ್ನು ಕಳೆದುಕೊಂಡ ಒಂಟಿ ಹುಟ್ಟು ಬಂದು ಬಿದ್ದವು. ದಾನವೆಂದರೆ ಮನೆಯಲ್ಲಿ ಜಾಗ ಮಾಡಿಕೊಳ್ಳುವುದು ಎಂಬ ಅರಿವು ಎಲ್ಲರಲ್ಲೂ ಇತ್ತು.

ಬ್ಯಾನರ್‌ನಲ್ಲಿ “ನಾಗರತ್ನಮ್ಮನ ದೋಣಿ ಸಹಾಯಾರ್ಥ ಹರಾಜು” ಎಂದು ಇರಬೇಕಿತ್ತು. ಅಧ್ಯಕ್ಷರ ಹೆಸರು ದೊಡ್ಡಕ್ಷರದಲ್ಲಿ ಬರಲಿ ಎಂದು ಅಧ್ಯಕ್ಷರೇ ಸೂಚಿಸಿದ್ದರಿಂದ ಜಾಗ ಸಾಲದೆ, ಅಂಗಡಿಯವನು “ಸಹಾಯಾರ್ಥ”ವನ್ನು ಕೈಬಿಟ್ಟ. ಶಿವಲೀಲಾ ಮಾದರಿಯನ್ನು ಫೋನಿನಲ್ಲಿ ನೋಡಿದರು, ತಮ್ಮ ಹೆಸರಿನ ಕಾಗುಣಿತ ಸರಿಯಿದೆಯೆಂದು ಖಚಿತಪಡಿಸಿಕೊಂಡರು, ಒಪ್ಪಿಗೆ ಕೊಟ್ಟರು.

ಹರಾಜಿನ ದಿನ ನಾಗರತ್ನಮ್ಮನ ದೋಣಿಯನ್ನು ದಡಕ್ಕೆಳೆದು, ಹಾರ ಹಾಕಿ, ವೇದಿಕೆಯ ಪಕ್ಕದಲ್ಲಿ ಪ್ರದರ್ಶನಕ್ಕಿಟ್ಟರು. ಹಳೆಯ ಸಾಮಾನು ಒಂದೂ ಹೋಗಲಿಲ್ಲ. ಯಾರ ಮನೆಯ ಐಸ್ ಬಾಕ್ಸ್ ಎಂಥದ್ದು ಎಂಬುದು ಎಲ್ಲರಿಗೂ ಗೊತ್ತಿತ್ತು. ಆಗ ಕಾರ್ಯದರ್ಶಿ ದೇವೇಂದ್ರ ತಲೆಯೆತ್ತಿ ಬ್ಯಾನರ್ ಓದಿದರು. ಅವರಿಗೆ ದಡದ ಹತ್ತಿರವೇ ಹೋಂಸ್ಟೇ ಇದೆ.

“ಈಗ ಕಾರ್ಯಕ್ರಮದ ಪ್ರಕಾರ, ನಾಗರತ್ನಮ್ಮನ ದೋಣಿ!”

“ಅಯ್ಯೋ, ಅದ್ಯಾಕ್ ಕೂಗ್ತೀರಾ ಸಾಹೇಬ್ರೆ? ಅದು ನಂದು ಕಣ್ರೀ!” ನಾಗರತ್ನಮ್ಮ ಎದ್ದು ನಿಂತಳು.

“ನಿಮ್ಮದೇ. ಬ್ಯಾನರ್‌ನಲ್ಲೂ ಹಾಗೇ ಇದೆ.”

“ನಾನು ತೂತು ಮುಚ್ಚುಸ್ಕೊಳಕ್ಕೆ ಬಂದಿವ್ನಿ, ದೋಣಿ ಮಾರಕ್ಕಲ್ಲ. ಅಮ್ಮಾರೇ, ನೀವಾರ ಹೇಳಿ!”

ಶಿವಲೀಲಾ ಬ್ಯಾನರ್ ಓದಿದರು. ತಪ್ಪಾಗಿದೆ ಎನ್ನಬೇಕಾದರೆ ಯಾರ ತಪ್ಪು ಎಂದೂ ಹೇಳಬೇಕಾಗುತ್ತಿತ್ತು. ಅಲ್ಲದೆ, ಒಮ್ಮೆ ಬರೆದದ್ದನ್ನು ಗೀಚಿ ತಿದ್ದುವುದು ಹೊಲಸು ಅಭ್ಯಾಸವೆಂದು ಕಾನ್ವೆಂಟಿನ ಸಿಸ್ಟರುಗಳು ಅವರಿಗೆ ಬೆರಳ ಗೆಣ್ಣಿನ ಮೇಲೆ ಸ್ಕೇಲಿಟ್ಟು ಕಲಿಸಿದ್ದರು.

“ಬ್ಯಾನರ್‌ನಲ್ಲಿ ಇರುವುದೇ ಕಾರ್ಯಕ್ರಮ. ಕೂತುಕೋ ನಾಗರತ್ನ. ಇದೆಲ್ಲ ನಡೆಯುತ್ತಿರುವುದು ನಿನ್ನ ಒಳ್ಳೆಯದಕ್ಕೇ.”

“ದೋಣೀನೇ ಮಾರ್ಬುಟ್ರೆ ಆ ದುಡ್ಡಲ್ಲಿ ಏನ್ ರಿಪೇರಿ ಮಾಡುಸ್ಲಿ, ನನ್ ತಲೇನಾ?”

“ಮಾತು ಸಭ್ಯವಾಗಿರಲಿ. ನಮ್ಮ ಹುಟ್ಟು ಎಂಥದ್ದು ಅಂತ ಗೊತ್ತಿದೆಯಾ ನಿನಗೆ?”

“ನಿಮ್ ಹುಟ್ಟು ದೊಡ್ಡದೇ ಕಣಮ್ಮಾ. ಅದ್ರಲ್ಲಿ ದೋಣಿ ಹೋಗಲ್ಲ, ಅಷ್ಟೇಯ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು, ಅದನ್ನು ಕೆಮ್ಮಾಗಿ ಪರಿವರ್ತಿಸಿದರು. ದೇವೇಂದ್ರ ಬೆಲೆ ಕೂಗಿದರು. ಕೂಗಿದ್ದನ್ನು ತಾವೇ ಕೇಳಿಸಿಕೊಂಡರು, ಬೇರೆ ಯಾರಾದರೂ ಏರಿಸುತ್ತಾರೆಯೇ ಎಂದು ತಮ್ಮನ್ನೇ ವಿಚಾರಿಸಿಕೊಂಡರು, ಒಂದು ಸಲ, ಎರಡು ಸಲ, ಮೂರು ಸಲ ಎಂದು ಮೇಜು ಕುಟ್ಟಿದರು. ಕಾರ್ಯದರ್ಶಿ ದೇವೇಂದ್ರ ದೋಣಿಯನ್ನು ಹೋಂಸ್ಟೇ ಮಾಲೀಕ ದೇವೇಂದ್ರರಿಗೆ ಹಸ್ತಾಂತರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಂಗ್ರಹವಾದ ಹಣವನ್ನು ದೋಣಿ ದುರಸ್ತಿಯ ಹೊರತು ಬೇರೆ ಉದ್ದೇಶಕ್ಕೆ ಬಳಸುವಂತಿರಲಿಲ್ಲ. ಈ ವಿಷಯದಲ್ಲಿ ಶಿವಲೀಲಾ ಬಲು ಕಟ್ಟುನಿಟ್ಟು. ಆದಕಾರಣ ಹಣವೆಲ್ಲ ದೇವೇಂದ್ರರ ಅಂಗಳದಲ್ಲಿದ್ದ ದೋಣಿಯ ದುರಸ್ತಿಗೇ ಹೋಯಿತು. ತೂತು ಮುಚ್ಚಿಸಿ, ನೀಲಿ ಬಣ್ಣ ಹೊಡೆಸಿ, ಒಳಗೆ ಮಣ್ಣು ತುಂಬಿ ಕ್ರೋಟನ್ ಗಿಡ ನೆಟ್ಟರು. ಮಣ್ಣು ಎಲ್ಲೂ ಸೋರುತ್ತಿಲ್ಲವೆಂದು ಸಂಘದ ತಾಂತ್ರಿಕ ಸಮಿತಿ ದೃಢೀಕರಿಸಿತು. ಉದ್ಘಾಟನೆಗೆ ನಾಗರತ್ನಮ್ಮನನ್ನು “ಫಲಾನುಭವಿ” ಎಂದು ಗೌರವಪೂರ್ವಕವಾಗಿ ಆಹ್ವಾನಿಸಲಾಯಿತು.

ಅವಳು ಬಂದಳು. ಹಾಲಿನ ಕ್ಯಾನಿನವರನ್ನೂ ಕರೆತಂದಿದ್ದಳು. ಟೇಪು ಕತ್ತರಿಸುವುದಕ್ಕೆ ಮುಂಚೆಯೇ ಸೀರೆ ಎತ್ತಿ ಕಟ್ಟಿ ದೋಣಿ ಹತ್ತಿ, ಕ್ರೋಟನ್ ನಡುವೆ ಕುಕ್ಕರಿಸಿದಳು.

“ಆಚೆ ದಡ, ಆಚೆ ದಡ! ಬರೋರು ಹತ್ಕೊಳ್ರಪ್ಪಾ! ಇವತ್ತು ನೀರೇ ಇಲ್ಲ, ಭಯ ಬ್ಯಾಡ!”

ಕ್ಯಾನಿನವರು ಹತ್ತಿ ಕೂತರು. ಹೋಂಸ್ಟೇ ಅತಿಥಿಗಳು ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಫೋಟೋ ತೆಗೆದುಕೊಂಡರು. ತಾವೂ ಹತ್ತಬಹುದೇ ಎಂದು ಕೇಳಿದರು. ದೇವೇಂದ್ರ ಕ್ಷಣ ಹೊತ್ತು ಯೋಚಿಸಿದರು.

ಮಾರನೆಯ ವಾರವೇ ಬೋರ್ಡು ಬಿತ್ತು: “ಹಳ್ಳಿ ದೋಣಿಯ ಅನುಭವ. ಈಜು ಬರಬೇಕಾಗಿಲ್ಲ.” ನಾಗರತ್ನಮ್ಮನಿಗೆ ಸಂಬಳ ನಿಗದಿಯಾಗಿದೆ. ಸುರಕ್ಷತೆಯ ದೃಷ್ಟಿಯಿಂದ ಲೈಫ್ ಜಾಕೆಟ್ ತೊಟ್ಟು ಇಡೀ ದಿನ ಮಣ್ಣಿನಲ್ಲಿ ಕೂತು ಗಾಳಿಗೆ ಹುಟ್ಟು ಹಾಕುತ್ತಾಳೆ. ಆಚೆ ದಡದ ಮಕ್ಕಳು ರಸ್ತೆ ಬಳಸಿ ಜೀಪಿನಲ್ಲಿ ಶಾಲೆಗೆ ಬರುತ್ತಾರೆ. ಜೀಪು ಬಾರದ ದಿನಗಳಿಗೆ ಶಾಲೆಯವರು “ದೋಣಿ ರಜೆ” ಎಂದು ಹೆಸರಿಟ್ಟು ಮಂಜೂರು ಮಾಡಿದ್ದಾರೆ.

“ಹೆಂಗೈತೆ ಕೆಲ್ಸ?” ಎಂದು ಹಾಲಿನವಳೊಬ್ಬಳು ಕೇಳಿದಳಂತೆ.

“ಮುಳುಗೋ ಭಯ ಇಲ್ಲ ಕಣೆ,” ಎಂದಳಂತೆ ನಾಗರತ್ನಮ್ಮ. “ಹೋಗಿ ಸೇರೋ ಆಸೇನೂ ಇಲ್ಲ.”

ಸಂಘದ ವಾರ್ಷಿಕ ಸಭೆ ಇಡೀ ಯೋಜನೆಯನ್ನು ಸರ್ವಾನುಮತದಿಂದ ಯಶಸ್ವಿ ಎಂದು ಅಂಗೀಕರಿಸಿದೆ. ಅಧ್ಯಕ್ಷರು ಮಾತ್ರ ಒಂದು ಆಕ್ಷೇಪವನ್ನು ದಾಖಲಿಸಿದ್ದಾರೆ. ಆ ಕ್ರೋಟನ್ ಗಿಡಗಳು ಅವರು ಸ್ವಂತ ಕೈತೋಟದಿಂದ ಕಳಿಸಿಕೊಟ್ಟವು. ಉದ್ಘಾಟನೆಯ ದಿನ ನಾಗರತ್ನಮ್ಮ ಕುಕ್ಕರಿಸಿದ ರಭಸಕ್ಕೆ ಎರಡು ಗಿಡ ಮುರಿದಿವೆ. ಅವಳು ಲಿಖಿತವಾಗಿ ಕ್ಷಮೆ ಕೇಳತಕ್ಕದ್ದು.