ಪ್ರಾಸಿಕ್ಯೂಟರ್ ನಾದಿನಿ ಮತ್ತು ಒಂದು ಸ್ಟೀಲ್ ಡಬ್ಬಿ

ನಮ್ಮ ಮನೆಯಲ್ಲಿ ಹೋಳಿಗೆ ಕದ್ದವರು ಯಾರೂ ದಕ್ಕಿಸಿಕೊಂಡಿಲ್ಲ. ಕಾರಣ, ನನ್ನ ನಾದಿನಿ. ಆಕೆ ಫೆಡರಲ್ ಪ್ರಾಸಿಕ್ಯೂಟರ್, ಅಂದರೆ ಅಮೆರಿಕ ಸರ್ಕಾರದ ಪರವಾಗಿ ಅಪರಾಧದ ಕೇಸು ನಡೆಸುವ ವಕೀಲೆ. ಒಮ್ಮೆ ಹೋಳಿಗೆ ಕಡಿಮೆಯಾದಾಗ, ಸಕ್ಕರೆ ಕಾಯಿಲೆಯ ಅಣ್ಣನನ್ನು ಎದುರಿಗೆ ಕೂರಿಸಿಕೊಂಡು ಏನೂ ಕೇಳದೆ ಸುಮ್ಮನೆ ನೋಡುತ್ತಾ ಕೂತಳು. ನನ್ನ ಗಂಡ ಹೋಳಿಗೆಯ ಜೊತೆಗೆ, ನನಗೆ ಗೊತ್ತೇ ಇರದ ಹಿಂದಿನ ವಾರದ ಜಿಲೇಬಿಯನ್ನೂ ಒಪ್ಪಿಕೊಂಡರು!

ಡೆಟ್ರಾಯಿಟ್‌ನಲ್ಲಿ ಬೆಳೆದ ಮಗಳು ಡಾಕ್ಟರಾಗಲಿ ಎಂದು ಧಾರವಾಡದ ನಮ್ಮ ಅತ್ತೆಗೆ ಆಸೆಯಿತ್ತು. ಈಕೆ ಲಾ ಓದಿ, ಅಲ್ಲೇ ಪ್ರಾಸಿಕ್ಯೂಟರ್ ಆಗಿ, ಆಮೇಲೆ ಷಿಕಾಗೋಗೆ ಬಂದಳು. "ಮಂದಿ ಮಕ್ಕಳು ಜೀವಾ ಉಳಸ್ತಾರ. ನಮ್ಮಾಕಿ ಜೇಲಿಗೆ ಕಳಸ್ತಾಳ" ಎಂದು ಅತ್ತೆ ಈಗಲೂ ನಿಟ್ಟುಸಿರು ಬಿಡುತ್ತಾರೆ.

ಪಕ್ಷಪಾತವೆಂದರೆ ನಾದಿನಿಗೆ ವಿಪರೀತ ಭಯ. ಷಿಕಾಗೋ ಹತ್ತಿರದ ಲೆಮಾಂಟ್ ದೇವಸ್ಥಾನದಲ್ಲಿ ರಂಗೋಲಿ ಸ್ಪರ್ಧೆಗೆ ಜಡ್ಜ್ ಆಗು ಎಂದರೆ, "ಆಗೂದಿಲ್ಲ ವೈನಿ. ಆ ಮೂಲ್ಯಾಗ ರಂಗೋಲಿ ಹಾಕ್ಕೋತ ಕುಂತಾರಲ್ಲ, ಆ ಆಂಟಿ ಮಾಡಿದ ಚಕ್ಕಲಿ ತಿಂದೀನಿ" ಎಂದಳು. ಷಿಕಾಗೋ ಪಕ್ಕದ ಇಟಾಸ್ಕಾ ಊರಿನ ಆ ಆಂಟಿಯ ಚಕ್ಕುಲಿ ತಿನ್ನದವರು ನಮ್ಮಲ್ಲಿ ಯಾರಿದ್ದಾರೆ? ಅವರು ಚಕ್ಕುಲಿ ತುಂಬಿ ಕೊಟ್ಟ ಸ್ಟೀಲ್ ಡಬ್ಬಿ ಆಗ ನಾದಿನಿಯ ಮನೆಯಲ್ಲೇ ಇತ್ತು.

ಅದಾಗಿ ಸ್ವಲ್ಪ ದಿನಕ್ಕೆ ಆ ಆಂಟಿಯ ಗಂಡ ಕಂಪನಿಯ ಲೆಕ್ಕದಲ್ಲಿ ಮೋಸ ಮಾಡಿದರೆಂಬ ಕೇಸು ನಾದಿನಿಯ ಆಫೀಸಿಗೇ ಬಂತು. ಅವರ ಮನೆಯ ತಿಂಡಿ ತಿಂದವಳು ತಾನು ಎಂದು ಹೇಳಿ ಆಕೆ ಕೇಸಿನಿಂದ ದೂರ ಸರಿದಳು. ಕೇಸು ತನ್ನ ಆಫೀಸಿನದೇ ಆದ್ದರಿಂದ, ಅದು ಮುಗಿಯುವವರೆಗೆ ಆಂಟಿಯ ಜೊತೆ ಮಾತನ್ನೂ ನಿಲ್ಲಿಸಬೇಕಾಯಿತು. ದೇವಸ್ಥಾನದ ಊಟದಲ್ಲಿ ಆಂಟಿ ಕೂತ ಸಾಲಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಅವರಿಗೆಲ್ಲ ಯಾವ ಕಾನೂನು ಅಡ್ಡ ಬಂದಿತ್ತೋ ಕಾಣೆ. ನಾದಿನಿ ದೂರದಿಂದಲೇ ನೋಡಿ, ಅರ್ಧ ಊಟಕ್ಕೇ ಎದ್ದು ಹೋಗುತ್ತಿದ್ದಳು.

"ಆ ಡಬ್ಬೀನಾದ್ರೂ ನಾನು ಕೊಟ್ಟು ಬರ್ತೀನಿ" ಎಂದೆ.

"ಬ್ಯಾಡ ವೈನಿ. ಕೇಸು ಮುಗೀಲಿ. ನಾನ ಕೊಡಬೇಕು."

ಕೇಸು ಮುಗಿದು ಅಂಕಲ್ ಜೈಲಿಗೆ ಹೋದರು. ಮರು ಭಾನುವಾರವೇ ನಾದಿನಿ ನನ್ನನ್ನು ಕೂರಿಸಿಕೊಂಡು ಇಟಾಸ್ಕಾಗೆ ಡ್ರೈವ್ ಮಾಡಿದಳು. ಡಬ್ಬಿ ಖಾಲಿ ಹಿಂತಿರುಗಿಸಬಾರದಲ್ಲ! ಅಡುಗೆಯ ಗಂಧವಿಲ್ಲದವಳು ಬೆಳಿಗ್ಗೆಯೇ ಎದ್ದು ಅವಲಕ್ಕಿ ಹಚ್ಚಿ ತುಂಬಿದ್ದಳು. ಉಪ್ಪು ಮಾತ್ರ ಜಾಸ್ತಿಯಾಗಿತ್ತು.

ಬಾಗಿಲು ತೆಗೆದ ಆಂಟಿ ಆಕೆಯನ್ನು ನೋಡಿ ಬಿಳಿಚಿಕೊಂಡರು. "ಇನ್ನೂ ಏನರ ಕೇಳೋದು ಉಳದದೇನವಾ?"

"ಒಂದ ಉಳದದರಿ ಆಂಟಿ" ಎಂದು ನಾದಿನಿ ಡಬ್ಬಿಯನ್ನು ಅವರ ಕೈಗಿಟ್ಟಳು. "ಈ ಹಬ್ಬಕ್ಕ ಚಕ್ಕಲಿ ಮಾಡ್ತೀರೇನ್ರಿ?"

ನಾದಿನಿಯ ಪ್ರಶ್ನೆಗೆ ಉತ್ತರ ಬಾರದೆ ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಂಟಿ ಡಬ್ಬಿಯ ಸಮೇತ ಆಕೆಯನ್ನು ತಬ್ಬಿಕೊಂಡು ಅತ್ತುಬಿಟ್ಟರು.