ಗುಲಾಬಿ ಯೀಸ್ಟಿನ ಅವಾಂತರಗಳು

ಯೀಸ್ಟಿನಿಂದ ಬಟ್ಟೆಗೆ ಬಣ್ಣ ಹಾಕುವ ಕೆಲಸಕ್ಕೆ ಇಳಿದ ಮೇಲೆ ಬಣ್ಣ ಸರಿಯಾಗಿ ಬಾರದ ದಿನಗಳು ಬೇಕಾದಷ್ಟು ಬಂದಿವೆ. ಆದರೆ ಯಾರಾದರೂ ಬಂದು ನನ್ನನ್ನು ನಗಿಸದೆ ಹೋದ ದಿನ ಒಂದೂ ಇಲ್ಲ.

ನಾನು ಮೊದಲು ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುತ್ತಿದ್ದವಳು. ಕೆಲಸ ಬಿಟ್ಟರೂ ಊರಿನವರಿಗೆ ಈಗಲೂ 'ಟೀಚರ್'. ಕುಂಬ್ರದಲ್ಲಿ ಜವಳಿ ಅಂಗಡಿ ಇಟ್ಟಿರುವ ಬ್ಯಾರಿ ಕಾಕ ನನ್ನ ಪಾಲುದಾರರು. ಅಂಗಡಿಯ ಹಿಂದಿನ ಕೋಣೆಯಲ್ಲಿ ನಮ್ಮ ಕಾರ್ಖಾನೆ. ಬ್ರೆಡ್ಡಿಗೆ ಹಾಕುವ ಯೀಸ್ಟಿನ ದಾಯಾದಿಯಾದ ಗುಲಾಬಿ ಬಣ್ಣದ ಯೀಸ್ಟನ್ನು ಬೆಲ್ಲದ ನೀರಿನಲ್ಲಿ ಬೆಳೆಸಿ, ಅದರ ಬಣ್ಣ ತೆಗೆದು ಬಟ್ಟೆಗೆ ಹಿಡಿಸುವುದು. ಬಣ್ಣ ನನ್ನದು, ಬಟ್ಟೆ ಕಾಕನದು, ಕಥೆಗಳು ಗಿರಾಕಿಗಳದು.

ಮಡಿಗೆ ಆಗ್ತದಾ?

ಒಬ್ಬರು ವಯಸ್ಸಾದ ಅಮ್ಮ ಸೊಸೆಯ ಜೊತೆ ಬಂದಿದ್ದರು. ನಮ್ಮ ಗುಲಾಬಿ ಸೀರೆ ಅವರ ಕಣ್ಣಿಗೆ ಬಿತ್ತು.

"ಇದು ಎಂತದರ ಬಣ್ಣ?"

"ಯೀಸ್ಟಿಂದು ಅಮ್ಮ."

"ಅದು ಎಂತ, ಗಿಡವಾ?"

"ಅಲ್ಲ."

"ಪ್ರಾಣಿಯಾ?"

"ಅದೂ ಅಲ್ಲ. ಅಣಬೆಯ ಜಾತಿ. ಕಣ್ಣಿಗೆ ಕಾಣದಷ್ಟು ಸಣ್ಣದು."

"ಅಣಬೆ ನಾವು ತಿನ್ನುದಿಲ್ಲ."

"ತಿನ್ನಲಿಕ್ಕಲ್ಲ ಅಮ್ಮ, ಉಡ್ಲಿಕ್ಕೆ."

"ಅದಕ್ಕೆ ಜೀವ ಉಂಟಾ?"

"ಇತ್ತು. ಬಣ್ಣ ತೆಗೆಯುವಾಗ ಹೋಗ್ತದೆ."

ಅಮ್ಮ ಸೀರೆಯನ್ನು ಬಿಸಿ ಪಾತ್ರೆಯ ಹಾಗೆ ಕೆಳಗಿಟ್ಟರು. ಕಾಕನಿಗೆ ತಡೆಯಲಿಲ್ಲ. "ಅಮ್ಮಾ, ಮಡಿಗೆ ನೀವು ಎಂತ ಉಡುದು?"

"ರೇಷ್ಮೆ."

"ರೇಷ್ಮೆ ಎಲ್ಲಿಂದ ಬರುದು?"

ಸೊಸೆ ಗೋಡೆ ಕಡೆ ತಿರುಗಿ ನಗು ನುಂಗಿದಳು. ಅಮ್ಮ ಸ್ವಲ್ಪ ಯೋಚಿಸಿ ಹೇಳಿದರು: "ನೋಡಿ, ಹುಳದ ವಿಷಯ ನಮ್ಮ ಅತ್ತೆಯ ಕಾಲದಲ್ಲೇ ಇತ್ಯರ್ಥ ಆಗಿದೆ. ಈ ಅಣಬೆಯದ್ದು ನನ್ನ ತಲೆಗೆ ಬರುದು ಬೇಡ. ಸೀರೆ ಸೊಸೆಗೆ ಕಟ್ಟಿ."

ರಿಕ್ಷಾ ಪ್ರಯಾಣ

ಬೆಳೆಯುವಾಗ ಯೀಸ್ಟಿಗೆ ಗಾಳಿ ಬೇಕು. ಅದಕ್ಕಾಗಿ ಬಾಟಲಿಗಳನ್ನು ಅಲುಗಾಡಿಸುವ ಒಂದು ಮೆಷಿನು ಉಂಟು. ಕರೆಂಟು ಹೋದರೆ ಮೆಷಿನು ನಿಲ್ಲುತ್ತದೆ, ಬಣ್ಣ ಪೇಲವವಾಗುತ್ತದೆ. ಒಂದು ಮಧ್ಯಾಹ್ನ ಕರೆಂಟು ಹೋದದ್ದು ಬರಲೇ ಇಲ್ಲ. ನಾನು, ಕಾಕ ಎರಡೆರಡು ಬಾಟಲಿ ಹಿಡಿದು ಕುಲುಕಿ ಕುಲುಕಿ ತೋಳು ಬಿದ್ದುಹೋಯಿತು. ಎದುರಿನ ರಿಕ್ಷಾದವರು ಸುಮಾರು ಹೊತ್ತು ನೋಡಿ ಒಳಗೆ ಬಂದರು.

"ಟೀಚರೇ, ಕೊಡಿ ಇತ್ಲಾಗಿ. ನನಗೆ ಕೊಯಿಲದ ಕಡೆ ಒಂದು ಬಾಡಿಗೆ ಉಂಟು. ಅಲ್ಲಿ ಒಳಗಿನ ರಸ್ತೆಯಲ್ಲಿ ಹೋಗಿ ಬಂದರೆ ನಿಮ್ಮ ಮೆಷಿನು ನಾಚಬೇಕು."

ಬೇರೆ ದಾರಿ ಇರಲಿಲ್ಲ. ಬಾಟಲಿಗಳ ಬಾಯಿಗೆ ಹತ್ತಿ ತುರುಕಿ, ಬುಟ್ಟಿಯಲ್ಲಿಟ್ಟು ಕೊಟ್ಟೆ. ಸಂಜೆ ರಿಕ್ಷಾ ವಾಪಸು ಬಂತು.

"ಬಾಡಿಗೆಯವರು ಎಂತ ಹೇಳಿದ್ರು?" ಎಂದು ಕೇಳಿದೆ.

"ಇದು ಎಂತ ಅಂತ ಕೇಳಿದ್ರು. ಬೆಲ್ಲದ ನೀರು ಮತ್ತೆ ಯೀಸ್ಟ್ ಅಂದೆ. ಆಮೇಲೆ ಬುಟ್ಟಿ ಅವರೇ ಮಡಿಲಲ್ಲಿ ಇಟ್ಟುಕೊಂಡ್ರು. ಇಳಿಯುವವರೆಗೆ ಮೂಸ್ತಾ ಇದ್ರು."

ಆ ಸಲ ಬಂದಂಥ ಬಣ್ಣ ಅದಕ್ಕಿಂತ ಮೊದಲು ಬಂದದ್ದೇ ಇಲ್ಲ. ಮತ್ತೆ ಕರೆಂಟು ಹೋದಾಗಲೆಲ್ಲ ಬುಟ್ಟಿ ರಿಕ್ಷಾ ಹತ್ತಿತು. ಕೊನೆಗೆ ಒಂದು ದಿನ ರಿಕ್ಷಾದವರು ಮುಖ ಸಣ್ಣ ಮಾಡಿಕೊಂಡು ಬಂದರು. "ಟೀಚರೇ, ಆ ರಸ್ತೆಗೆ ಡಾಮರು ಹಾಕ್ತಾರಂತೆ."

ಕಾಕ ಎದ್ದು ನಿಂತರು. "ಒಂದು ಮನವಿ ಕೊಡುವ ಮಾರಾಯ್ರೆ, ನಮ್ಮ ಹೊಂಡ ನಮಗೆ ಇರ್ಲಿ ಅಂತ!"

ಕೋಳಿ ವಿಚಾರ

ಒಮ್ಮೆ ಕೆಟ್ಟುಹೋದ ಯೀಸ್ಟನ್ನು ಚೆನ್ನಾಗಿ ಕುದಿಸಿ ಹಿಂದಿನ ತೆಂಗಿನ ಬುಡಕ್ಕೆ ಸುರಿದೆ. ಪಕ್ಕದ ಮನೆಯವರ ಕೋಳಿಗಳು ಬಂದು ಹೆಕ್ಕಿ ತಿಂದವು. ಆ ಸಮಯದಲ್ಲಿ ಮೇಲಿಂದ ಮೇಲೆ ಯೀಸ್ಟ್ ಕೆಡುತ್ತಿತ್ತು, ಕೋಳಿಗಳಿಗೂ ಅಭ್ಯಾಸವಾಯಿತು. ಒಂದು ಬೆಳಿಗ್ಗೆ ಪಕ್ಕದ ಮನೆಯವರು ತಟ್ಟೆಯಲ್ಲಿ ಒಡೆದ ಮೊಟ್ಟೆ ಹಿಡಿದು ಬಂದರು. ಅದರ ಹಳದಿ ಹಳದಿಯಾಗಿರಲಿಲ್ಲ, ಕಿತ್ತಳೆ ಹಣ್ಣಿನ ಹಾಗೆ ಕೆಂಪಗಿತ್ತು.

"ನನ್ನ ಕೋಳಿಗೆ ಎಂತ ಮಾಡಿದ್ರಿ ನೀವು?"

ಕ್ಯಾರೆಟ್ಟಿನಲ್ಲಿ ಇರುವಂಥದ್ದೇ ಬಣ್ಣ, ಹೆದರುವುದು ಬೇಡ ಎಂದು ಎಷ್ಟು ಹೇಳಿದರೂ ಅವರ ಸಿಟ್ಟು ಇಳಿಯಲಿಲ್ಲ. ನಾನು ಅಲ್ಲಿಗೆ ಸುರಿಯುವುದನ್ನು ನಿಲ್ಲಿಸಿದೆ. ಆಮೇಲೆ ಯೀಸ್ಟ್ ಕೆಡುವುದೂ ನಿಂತಿತು. ಸ್ವಲ್ಪ ದಿನ ಕಳೆದು ಅವರೇ ಬಂದರು. ಈ ಸಲ ಧ್ವನಿ ಬಹಳ ಮೆತ್ತಗೆ.

"ಟೀಚರೇ, ನಿಮ್ಮದು ಇನ್ನು ಕೆಡುದಿಲ್ವಾ?"

"ಎಂತಕ್ಕೆ?"

"ಹಳದಿ ಕೆಂಪಗಿರುದು ನೋಡಿ, ಅಸಲಿ ಊರ ಕೋಳಿಯ ಮೊಟ್ಟೆ ಅಂತ ಪುತ್ತೂರಿಂದ ಜನ ಹುಡುಕಿಕೊಂಡು ಬರ್ತಿದ್ರು. ಈಗ ಯಾರೂ ಇಲ್ಲ. ನಾನು ಒಂದು ಹರಕೆ ಹೇಳಿದ್ದೇನೆ, ನೀವು ಬೇಜಾರು ಮಾಡ್ಬೇಡಿ. ನಿಮ್ಮದು ತಿಂಗಳಿಗೆ ಒಮ್ಮೆಯಾದ್ರೂ ಹಾಳಾಗ್ಲಿ ಅಂತ."

ಒಂದೇ ಒಂದು ಶಾಲು

ಕಾಕನ ಭಾವನ ಮಗನ ಮದುವೆ ಸುಳ್ಯದಲ್ಲಿ. ವರನ ತಂದೆಯಾದ ಆ ಭಾವ ತನಗೆ ನಮ್ಮ ಗುಲಾಬಿ ಶಾಲೇ ಆಗಬೇಕೆಂದರು. ಮದುವೆ ಹತ್ತಿರ ಬಂದಿತ್ತು. ಹೆಚ್ಚಿನ ಬಣ್ಣ ಬಿಟ್ಟುಹೋಗಲಿ ಎಂದು ಕೊನೆಗೆ ಒಮ್ಮೆ ತೊಳೆಯುವುದುಂಟು, ಅವಸರದಲ್ಲಿ ಅದನ್ನು ಮಾಡದೆ ಶಾಲು ಕೊಟ್ಟುಬಿಟ್ಟೆವು.

ಮದುವೆ ಹಾಲಿನಲ್ಲಿ ಸೆಕೆಯೆಂದರೆ ಸೆಕೆ. ನಿಖಾ ಮುಗಿಯುವಾಗ ಭಾವನ ಬಿಳಿ ಅಂಗಿಯ ಹೆಗಲು ಗುಲಾಬಿಯಾಗಿತ್ತು. ಮುಗಿದ ಮೇಲೆ ಎಲ್ಲರೂ ಅವರನ್ನು ಅಪ್ಪಿಕೊಳ್ಳಲು ಸಾಲು ನಿಂತರು. ಬಂದವರದ್ದೆಲ್ಲ ಬಿಳಿ ಅಂಗಿ. ಅಪ್ಪಿದವರೆಲ್ಲ ಒಂದೊಂದು ಗುಲಾಬಿ ಮುದ್ರೆ ಹೊತ್ತು ಊಟಕ್ಕೆ ಹೋದರು. ನನಗೆ ಭೂಮಿ ಬಾಯಿ ಬಿಡಲಿ ಅನ್ನಿಸಿತು. "ಇನ್ನು ನಮ್ಮ ಬಣ್ಣ ಯಾರು ತಗೊಳ್ತಾರೆ ಕಾಕ?" ಎಂದೆ. ಕಾಕ ಬಿರಿಯಾನಿಯ ಪಾತ್ರೆಯ ಹಿಂದೆ ಸರಿದರು. ನಾನೂ ಹೋದೆ.

ಈ ಭಾವನಿಗೆ ಒಬ್ಬ ತಮ್ಮ. ಬಾವಿಯ ಪಂಪಿನ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಹೆಂಡತಿಯ ಒತ್ತಾಯಕ್ಕೆ ಬಂದ ತಮ್ಮ, "ಊಟ ಮಾಡಿ ಹೋಗುದು, ಅವನ ಮುಖ ನೋಡುದಿಲ್ಲ" ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿ ಕೊನೆಯ ಕುರ್ಚಿಯಲ್ಲಿ ಕೂತಿದ್ದರು. ಊಟವಾಗಿ ಕೈ ತೊಳೆಯಲು ಹಿಂದಿನ ಕಡೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಹೆಂಡತಿ ದಿಟ್ಟಿಸಿ ನೋಡಿದರು.

"ಇದು ಎಂತ ನಿಮ್ಮ ಗಡ್ಡದಲ್ಲಿ?"

"ಎಂತ ಎಂತ? ಕೈ ತೊಳೆಯಲಿಕ್ಕೆ ಹೋದದ್ದು."

"ಕೈ ತೊಳೆದರೆ ಗಡ್ಡ ಗುಲಾಬಿ ಆಗ್ತದಾ?"

ಬೆಳ್ಳಗಿನ ಗಡ್ಡದ ಎಡಭಾಗ ಪೂರ್ತಿ ಗುಲಾಬಿ. ಅಂಗಿಯ ಎರಡೂ ಹೆಗಲು ಗುಲಾಬಿ. ಇಡೀ ಹಾಲಿನಲ್ಲಿ ಆ ಬಣ್ಣದ ಶಾಲು ಇದ್ದದ್ದು ಒಂದೇ. ಅಷ್ಟರಲ್ಲಿ ಅದೇ ಹಿಂದಿನ ಕಡೆಯಿಂದ ಅಣ್ಣ ಕಣ್ಣೊರೆಸುತ್ತ ಬಂದರು. ಕಣ್ಣೊರೆಸಿದ್ದು ಶಾಲಿನಲ್ಲೇ, ಹಾಗಾಗಿ ಕೆನ್ನೆಯೂ ಗುಲಾಬಿ. ಹಾಲಿಗೆ ಹಾಲೇ ನಕ್ಕಿತು. ತಮ್ಮನೂ ಗಡ್ಡ ಉಜ್ಜಿಕೊಳ್ಳುತ್ತ ನಕ್ಕುಬಿಟ್ಟರು.

ಆ ವಾರವೇ ಅದೇ ಮದುವೆಗೆ ಬಂದಿದ್ದ ಇನ್ನೊಬ್ಬ ಕಾಕ ನಮ್ಮ ಅಂಗಡಿ ಹುಡುಕಿಕೊಂಡು ಬಂದರು. ಬೈಯಲಿಕ್ಕೇ ಬಂದರೆಂದು ನಾನು ಮೊದಲೇ ಶುರು ಮಾಡಿದೆ. "ಕ್ಷಮಿಸಿ, ಇನ್ನು ಮುಂದೆ ಬಣ್ಣ ಬಿಡುದಿಲ್ಲ. ಗಟ್ಟಿ ಮಾಡ್ತೇವೆ."

ಅವರು ಎರಡೂ ಕೈ ಅಡ್ಡ ಹಿಡಿದರು. "ಬೇಡ ಟೀಚರೇ, ಗಟ್ಟಿ ಮಾತ್ರ ಮಾಡ್ಬೇಡಿ! ನನ್ನ ಮಗಳ ಮದುವೆಗೆ ಮೂರು ಶಾಲು ಬೇಕು. ನಮ್ಮಲ್ಲಿ ಮಾತು ಬಿಟ್ಟವರು ತುಂಬಾ ಜನ ಉಂಟು."