ಅನ್ಯಗ್ರಹದವನಿಗೆ ಮೊದಲು ಬೆಲ್ಲ, ನೀರು

ವಿಜಯಪುರದಲ್ಲಿ ಕೂತು ಟಿವಿಗೆ ವಿಜ್ಞಾನ ಧಾರಾವಾಹಿ ಬರೆಯುವ ನನಗೆ ನಗಲು ಕಾರಣ ಹುಡುಕುವ ಕಷ್ಟವಿಲ್ಲ. ಚಾನೆಲ್ಲಿನಿಂದ ಫೋನ್ ಬಂದರೆ ಸಾಕು. ಬೆಂಗಳೂರಿನ ಕಥಾ ವಿಭಾಗದ ಸಾಹೇಬರು ನನ್ನ ಕಥೆಗೆ ಕೈ ಹಾಕದ ದಿನವಿಲ್ಲ. ನಾನೂ ಬಡಪೆಟ್ಟಿಗೆ ಬಗ್ಗುವವಳಲ್ಲ.

೧. ಎಲ್ಲಿ ಇಳಿಯಬೇಕು?

ನನ್ನ ಕಥೆಯಲ್ಲಿ ಅನ್ಯಗ್ರಹದ ನೌಕೆ ನಮ್ಮ ಜಿಲ್ಲೆಯ ಕನಮಡಿಯ ಬಯಲಿನಲ್ಲಿ ಇಳಿಯುತ್ತದೆ.

"ಮೇಡಂ, ಅಷ್ಟು ದೂರದಿಂದ ಬಂದೋರು ಅಲ್ಯಾಕೆ ಇಳೀತಾರೆ? ಬೆಂಗಳೂರಲ್ಲಿ ಇಳಿಸಿ."

"ಸರ್, ಮ್ಯಾಲಿಂದ ನೋಡಿದವರಿಗೆ ನಿಮ್ಮಲ್ಲಿ ಖಾಲಿ ಜಾಗಾ ಎಲ್ಲಿ ಕಾಣತೈತ್ರಿ?"

ಅವರು ಕಿಟಕಿಯಿಂದ ಹೊರಗೆ ನೋಡಿರಬೇಕು. "ಸರಿ, ಕನಮಡೀನೇ ಇರಲಿ," ಎಂದರು.

೨. ಸೊಸೆಯ ಸಿಟ್ಟು

ಆಮೇಲೆ ನೌಕೆಯೊಳಗೆ ಅತ್ತೆ-ಸೊಸೆ ಜಗಳ ಬೇಕೇ ಬೇಕು ಎಂದರು. ಬರೆದೆ. ಸೊಸೆ ಸಿಟ್ಟಾಗಿ ಬ್ಯಾಗು ಎತ್ತಿಕೊಂಡು ತವರಿಗೆ ಹೊರಟಳು. ಸಾಹೇಬರಿಗೆ ಖುಷಿಯೋ ಖುಷಿ.

"ತವರು ಎಲ್ಲಿ ಮೇಡಂ?"

"ಅವರ ಗ್ರಹದಾಗ ಸರ್. ಮುಟ್ಟಾಕ ನಲವತ್ತು ವರ್ಷ ಬೇಕ್ರಿ."

"ಅಷ್ಟರೊಳಗೆ ನಾನು ರಿಟೈರ್ ಆಗಿರ್ತೀನಲ್ರೀ!" ಎಂದು ಜಗಳವನ್ನು ತಾವೇ ತೆಗೆಸಿದರು.

೩. ಬಿಜ್ಜರಗಿಯ ಅಜ್ಜಿ

ನಿಜವಾದ ಜಗ್ಗಾಟ ನಡೆದದ್ದು, ಅನ್ಯಗ್ರಹದವನು ಮೊದಲ ಸಲ ಒಂದು ಮನೆಯ ಬಾಗಿಲಿಗೆ ಬರುವ ದೃಶ್ಯಕ್ಕೆ. ಮನೆಯವರು ಚೀರಬೇಕು, ಪೊಲೀಸರು ಬರಬೇಕು ಎಂದು ಸಾಹೇಬರ ಹಟ. ನಮ್ಮ ಕಡೆ ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು. ಯಾರು, ಏನು ಅನ್ನುವುದೆಲ್ಲ ಆಮೇಲೆ. ನಾನು ಬರೆದದ್ದೂ ಹಾಗೆಯೇ. ಆ ದೃಶ್ಯ ಹೋದರೆ ಧಾರಾವಾಹಿಯನ್ನೇ ಬಿಡುತ್ತೇನೆ ಎಂದುಬಿಟ್ಟೆ.

ಚಿತ್ರೀಕರಣದ ಜಾಗ ನೋಡಲು ಸಾಹೇಬರು ನಮ್ಮ ಕಡೆಯ ಬಿಜ್ಜರಗಿ ಹಳ್ಳಿಗೆ ಬಂದಾಗ, ಪರೀಕ್ಷೆಯೇ ಆಗಲಿ ಎಂದೆ. ಹಸಿರು ಮೈ, ನಾಲ್ಕು ಕೈಗಳ ವೇಷ ಹಾಕಿದ ನಟನನ್ನು ಒಂದು ತೋಟದ ಮನೆಯ ಮುಂದೆ ನಿಲ್ಲಿಸಿ, ನಾವಿಬ್ಬರೂ ದ್ರಾಕ್ಷಿ ಬಳ್ಳಿಯ ಹಿಂದೆ ಅಡಗಿದೆವು. ಜೋಳ ಹಸನು ಮಾಡುತ್ತಿದ್ದ ಅಜ್ಜಿ ತಲೆ ಎತ್ತಿ ನೋಡಿದಳು.

"ಎಷ್ಟ್ ಬಿಸಲಾಗ ಬಂದೀಯೋ ಯಪ್ಪಾ! ಬಾ, ಕುಂದ್ರು."

ಬೆಲ್ಲ ಬಂತು, ನೀರು ಬಂತು. ಅವನು ಕುಡಿದಾದ ಮೇಲೆ, "ಯಾವೂರಪ್ಪಾ ನಿಂದು?" ಎಂದಳು.

"ನಾನು ಬೇರೆ ಗ್ರಹದವನು," ಎಂದ ನಟ, ಗಂಭೀರವಾಗಿ.

ಈಗ ಚೀರುತ್ತಾಳೆ ನೋಡಿ ಎಂಬಂತೆ ಸಾಹೇಬರು ನನ್ನತ್ತ ತಿರುಗಿದರು.

ಅಜ್ಜಿ ಮೊರ ಕೆಳಗಿಟ್ಟಳು. "ಹೌದಾ? ನಿಮ್ಮ ಕಡೆ ಈ ಸಲ ಮಳಿ ಹ್ಯಾಂಗೈತಿ?"

ಸಾಹೇಬರು ಅಲ್ಲೇ ಸ್ಕ್ರಿಪ್ಟ್ ತೆಗೆದು, ಪೊಲೀಸರು ಬರುವ ಪುಟವನ್ನು ಹರಿದು ಜೇಬಿಗೆ ಹಾಕಿಕೊಂಡರು. ಗೆದ್ದೆ! ಕುಣಿಯುವುದೊಂದೇ ಬಾಕಿ ಇತ್ತು. ಅಷ್ಟರಲ್ಲಿ ಅವರು ಮೆಲ್ಲಗೆ, "ಮೇಡಂ, ಆ ಗ್ರಹದಲ್ಲಿ ಮಳೆ ಆಗಿದೆ ಅಂತ ಬರೆಯೋಣ್ವಾ?" ಎಂದರು.

"ಅದನ್ನ ನನಗ ಬಿಡ್ರಿ ಸರ್," ಎಂದೆ. "ಅಲ್ಲಿ ಮಳಿ ತರಸುವಾಕಿ ನಾನು!"